ಕೀಲೆಣ್ಣೆ

ಹುಲಿಕೆರೆಯ ನಮ್ಮ ತವರುಮನೆಯಲ್ಲಿ ಅಪ್ಪನ ಕಾಲದ ರೆಕಾರ್ಡ್ ಪ್ಲೇಯರ್ ಒಂದಿದೆ. ಕಳೆದ ದೀಪಾವಳಿಯಲ್ಲಿ ಹಾಕಿದರೆ ಹಾಡಿನ ಅಡಿಯಲ್ಲಿ ಗುರ್ ಎಂಬ ಸದ್ದು, ದೂರದಲ್ಲಿ ಹಿಟ್ಟಿನ ಗಿರಣಿ ಓಡಿದಂತೆ. ರೆಕಾರ್ಡ್ ಸವೆದಿದೆ ಎಂದುಕೊಂಡೆವು. ಬೇರೆಯದು ಹಾಕಿದರೂ ಅದೇ ಸದ್ದು.

ರಿಪೇರಿಯವನು ಬಂದು ತಿರುಗುವ ತಟ್ಟೆಯನ್ನು ಮೇಲೆತ್ತಿದ. ಅದರ ನಡುವಿನ ಉಕ್ಕಿನ ಅಚ್ಚು ಹಿತ್ತಾಳೆಯ ಕೊಳವೆಯೊಳಗೆ ಇಳಿದು, ತಳದಲ್ಲಿ ಪುಟ್ಟ ಗುಂಡೊಂದರ ಮೇಲೆ ನಿಲ್ಲುತ್ತದೆ. ಅದೇ ಬೇರಿಂಗು. ತಟ್ಟೆಯ ಭಾರವೆಲ್ಲ ಆ ಒಂದು ಬಿಂದುವಿನ ಮೇಲೆ. ಕೊಳವೆ ಬಿಗಿಯಾದರೆ ಅಚ್ಚು ಹಿಡಿಯುತ್ತದೆ, ಸಡಿಲವಾದರೆ ಓಲಾಡುತ್ತದೆ, ಎಣ್ಣೆ ಒಣಗಿದರೆ ನಡುಗುತ್ತದೆ. ಕೂದಲೆಳೆಗಿಂತ ಸಣ್ಣ ಏರಿಳಿತವನ್ನೂ ಓದುವ ಮುಳ್ಳಿಗೆ ಯಾವುದು ಹಾಡು, ಯಾವುದು ಅಚ್ಚಿನ ನಡುಕ ಎಂದು ತಿಳಿಯದು. ಎರಡನ್ನೂ ಒಟ್ಟಿಗೇ ಎತ್ತಿಕೊಂಡು ಬರುತ್ತದೆ.

“ಹಾಡಿಗೇನೂ ಆಗಿಲ್ಲ ಮೇಡಂ. ಇದಕ್ಕೆ ಎಣ್ಣೆ ಬಿಟ್ಟು ಎಷ್ಟು ವರ್ಷವಾಯ್ತು?” ಎಂದ. ಯಾರಿಗೂ ನೆನಪಿರಲಿಲ್ಲ. ಅಚ್ಚಿಗೆ ಕೀಲೆಣ್ಣೆ ಸವರದೆ ಎಂದೂ ಗಾಡಿ ಕಟ್ಟದ ಅಪ್ಪನ ಮನೆಯಲ್ಲಿ!

ಹಿಂದಿನ ರಾತ್ರಿಯಷ್ಟೇ ಅತ್ತಿಗೆ, “ನನಗೂ ಸಾಕಾಗಿದೆ ಕಣಮ್ಮಾ” ಎಂದಿದ್ದರು. ಹಾಸಿಗೆ ಹಿಡಿದ ಅಮ್ಮನನ್ನು ಆರು ವರ್ಷದಿಂದ ನೋಡಿಕೊಳ್ಳುತ್ತಿರುವವರು ಅವರು. ನಾನೋ, ಅರಸೀಕೆರೆಯಲ್ಲಿ ಪಾಠ ಹೇಳಿಕೊಂಡು, ಹಬ್ಬಕ್ಕೆ ಬಂದು, “ನಮ್ಮತ್ತಿಗೆ ಭೂಮಿತೂಕದವರು, ಒಂದು ದಿನ ಸೊಲ್ಲೆತ್ತಿದವರಲ್ಲ” ಎಂದು ಊರಿಗೆಲ್ಲ ಹೇಳುತ್ತಿದ್ದವಳು. ಆ ಮಾತು ಕೇಳಿ, ಅತ್ತಿಗೆಯೂ ಬದಲಾದರು ಎಂದು ಒಳಗೊಳಗೇ ಮುನಿದಿದ್ದೆ. ಎಣ್ಣೆ ಬಿಡುತ್ತಿದ್ದ ಆ ಹುಡುಗನ ಕೈ ನೋಡುತ್ತ ನಾಚಿಕೆಯಾಯಿತು.

ಶಾಲೆಯ ಮಕ್ಕಳನ್ನು ಹಳೇಬೀಡಿಗೆ ಕರೆದೊಯ್ದಾಗಲೆಲ್ಲ ಹೊಯ್ಸಳೇಶ್ವರ ಗುಡಿಯ 12ನೇ ಶತಮಾನದ ಕಂಬಗಳನ್ನು ತೋರಿಸುತ್ತೇನೆ. ಕಲ್ಲನ್ನು ತಿರುಗಿಸುತ್ತ ಕಡೆದ ಕಂಬಗಳವು. ತಿರುಗುವ ಕಲ್ಲು ಓಲಾಡಿದ್ದರೆ ಬಳೆಯಂಥ ಆ ಸುತ್ತುಗೆರೆಗಳು ಅಷ್ಟು ಸಮನಾಗಿ ಬರುತ್ತಿರಲಿಲ್ಲ. ಕಂಬವನ್ನು ಹೊಗಳುತ್ತೇವೆ, ಅದನ್ನು ಹೊತ್ತು ತಿರುಗಿಸಿದ ಅಚ್ಚನ್ನು ಯಾರು ನೆನೆಯುತ್ತಾರೆ?

ಬೇರಿಂಗು ಸುಮ್ಮನಿರುವುದು ಎಣ್ಣೆ ಇರುವುದರಿಂದ. ಮನುಷ್ಯರಾದರೆ ಎಣ್ಣೆ ಒಣಗಿದ ಮೇಲೂ ಸುಮ್ಮನಿರಬಲ್ಲರು. ಅದಕ್ಕೆ ಸಹನೆ ಎಂಬ ಒಳ್ಳೆಯ ಹೆಸರಿಟ್ಟರೆ ನಮ್ಮ ಕೆಲಸ ಹಗುರ. ಹಾಗಾದರೆ ನನ್ನ ಹೊಗಳಿಕೆ ಕೃತಜ್ಞತೆಯೋ, ಬಾಕಿ ತಪ್ಪಿಸಿಕೊಳ್ಳುವ ಉಪಾಯವೋ? ನೀವೇ ಹೇಳಿ.

ಇನ್ನೊಂದು ಮಾತು. ಬೇರಿಂಗಿಗೆ ಎಣ್ಣೆ ಬಿಡುವುದು ಹಾಡಿಗಾಗಿ. ಅತ್ತಿಗೆಯನ್ನೂ ಹಾಗೆಯೇ, ಮತ್ತೆ ಸುಮ್ಮನಾಗಲಿ ಎಂದು ಉಪಚರಿಸಿದರೆ ಅದೂ ಸ್ವಾರ್ಥವೇ. ಅವರಿಗೂ ಅವರದೇ ಒಂದು ಹಾಡು ಇದ್ದೀತು.

ಬೇಸಿಗೆ ರಜೆಗೆ ಕಾರು ಮಾಡಿಕೊಂಡು ಅಮ್ಮನನ್ನು ಅರಸೀಕೆರೆಗೆ ಕರೆತಂದೆ. ಅತ್ತಿಗೆ ತವರಿಗೆ ಹೊರಟರು. ಯಾವಾಗ ಬರುತ್ತೀರಿ ಎಂದು ನಾನು ಕೇಳಲಿಲ್ಲ.