ಒಂದು ತೂತು, ಇಡೀ ಕೊಳವೆ

ಗೋಡೆಯೊಳಗಿನ ತಾಮ್ರದ ಕೊಳವೆ ಹಳತಾಗಿ ಒಂದೆಡೆ ಸೋರತೊಡಗಿದರೆ ಮನೆಯವರ ಮುಂದೆ ಎರಡು ದಾರಿಗಳಿರುತ್ತವೆ. ಸೋರುವ ತುಂಡನ್ನಷ್ಟೇ ಕತ್ತರಿಸಿ ತೆಗೆದು ಹೊಸದನ್ನು ಬೆಸೆಯಬಹುದು. ಇಲ್ಲವೇ ಗೋಡೆ ಒಡೆಸಿ ಪೈಪುಗಳನ್ನೆಲ್ಲ ಬದಲಿಸಬಹುದು. ಇದನ್ನು ಬರೀ ಖರ್ಚಿನ ಲೆಕ್ಕವೆಂದುಕೊಳ್ಳುವುದು ವಾಡಿಕೆ. ಆದರೆ ಲೆಕ್ಕಕ್ಕೆ ಕೂರುವ ಮೊದಲೇ ಎರಡು ಪ್ರಶ್ನೆಗಳು ಎದುರಾಗುತ್ತವೆ. ಕಂಡ ಒಂದು ಭಾಗವನ್ನು ನೋಡಿ ಕಾಣದ ಉಳಿದುದರ ಬಗ್ಗೆ ಎಷ್ಟು ಹೇಳಬಹುದು? ಭಾಗಗಳು ಒಂದೊಂದಾಗಿ ಬದಲಾದರೆ ಹಳೆಯದೆಂದು ಉಳಿಯುವುದೇನು? ಈ ಎರಡರ ಮೇಲೂ ಭಾರತೀಯ ದರ್ಶನಗಳು ಶತಮಾನಗಳ ಕಾಲ ವಾದ ನಡೆಸಿವೆ.

ಕರ್ನಾಟಕದ ಮನೆಗಳಲ್ಲಿ ನೀರಿನ ಸಾಲಿಗೆ ತಾಮ್ರ ಅಪರೂಪ. ಇಲ್ಲಿ ಜಿಐ ಪೈಪು ಹೋಗಿ ಸಿಪಿವಿಸಿ ಬಂತು; ತಾಮ್ರದ ಕೊಳವೆ ಸಾಮಾನ್ಯವಾಗಿ ಸಿಗುವುದು ಸೋಲಾರ್ ಹೀಟರಿನ ಫಲಕದೊಳಗೆ. ಅಮೆರಿಕದಲ್ಲಿ ಎರಡನೇ ಮಹಾಯುದ್ಧದ ನಂತರ ಎದ್ದ ಅಸಂಖ್ಯ ಮನೆಗಳಿಗೆ ಮಾತ್ರ ತಾಮ್ರವೇ ನರನಾಡಿ. ಅಲ್ಲಿ ನೆಲೆಸಿದ ಕನ್ನಡಿಗರೂ ಹಳೆಯ ಮನೆ ಕೊಂಡರೆ ಈ ಪ್ರಶ್ನೆಯನ್ನು ಎದುರಿಸಲೇಬೇಕು. ಆ ಕೊಳವೆಗಳು ಗೋಡೆಯ ದಪ್ಪಕ್ಕೆ ತಕ್ಕಂತೆ ಕೆ, ಎಲ್, ಎಂ ಎಂಬ ಬಗೆಗಳಲ್ಲಿ ಬರುತ್ತವೆ. ಮುಕ್ಕಾಲು ಇಂಚಿನ ಎಲ್ ಬಗೆಯ ದಪ್ಪ 0.045 ಇಂಚು, ಎಂ ಬಗೆಯದು 0.032 ಇಂಚು. ನೀರು ತಾಕಿದ ತಾಮ್ರದ ಒಳಮೈಗೆ ತೆಳುವಾದ ಆಕ್ಸೈಡಿನ ಪದರ ಕಟ್ಟುತ್ತದೆ. ಅದು ಕೆಡದೆ ನಿಂತರೆ ಕೊಳವೆ ಐವತ್ತು ವರ್ಷ ದಾಟುವುದೂ ಉಂಟು. ಪದರ ಅಲ್ಲಲ್ಲಿ ಹರಿದರೆ ಆ ಜಾಗದಲ್ಲೇ ಲೋಹ ಕುಳಿಬೀಳುತ್ತ ಹೋಗಿ, ಕೊನೆಗೊಂದು ದಿನ ಸೂಜಿಮೊನೆಯಷ್ಟು ತೂತಾಗುತ್ತದೆ.

ಮೊದಲ ಪ್ರಶ್ನೆ ಹುಟ್ಟುವುದು ಆ ತೂತಿನಲ್ಲಿ. ಅನ್ನ ಬೆಂದಿದೆಯೇ ಎಂದು ನೋಡಲು ಪಾತ್ರೆಯ ಅಗುಳನ್ನೆಲ್ಲ ಹಿಸುಕುವವರಿಲ್ಲ. ಒಂದನ್ನು ಹಿಸುಕಿದರೆ ಸಾಕು. ಶಾಸ್ತ್ರಕಾರರು ಇದನ್ನು ಸ್ಥಾಲೀಪುಲಾಕ ನ್ಯಾಯ ಎನ್ನುತ್ತಾರೆ. ಒಂದು ತೂತು ಕಂಡೊಡನೆ ‘ಇಡೀ ಮನೆಯ ಪೈಪು ಹೋಯಿತು’ ಎನ್ನುವ ಪ್ಲಂಬರ್ ಬಳಸುವುದೂ ಇದೇ ನ್ಯಾಯವನ್ನು. ಆದರೆ ಈ ನ್ಯಾಯದ ಬಲ ಇರುವುದು ಎಲ್ಲ ಅಗುಳೂ ಒಂದೇ ನೀರಿನಲ್ಲಿ, ಒಂದೇ ಉರಿಯಲ್ಲಿ, ಒಂದೇ ಹೊತ್ತು ಬೆಂದಿರುವುದರಲ್ಲಿ. ಕೊಳವೆಯ ಮಟ್ಟಿಗೆ ಅದು ಅರ್ಧ ಸತ್ಯ. ಒಂದೇ ವರ್ಷ ಹಾಕಿದ, ಒಂದೇ ಬಗೆಯ, ತಣ್ಣೀರು ಹರಿಯುವ ಸಾಲಿಗೆ ಅದು ಹೊಂದುತ್ತದೆ. ಬಿಸಿನೀರಿನ ಸಾಲಿಗೂ ತಣ್ಣೀರಿನ ಸಾಲಿಗೂ ಕೂಡಿಸಿ ಹೇಳಿದರೆ ಹೊಂದುವುದಿಲ್ಲ, ಏಕೆಂದರೆ ಎರಡರಲ್ಲೂ ಲೋಹ ಕೆಡುವ ರೀತಿ ಬೇರೆ.

ಇಂಥ ಎಡವಟ್ಟು ಎಲ್ಲಾಗುತ್ತದೆಂದು ನ್ಯಾಯದರ್ಶನದ ತಾರ್ಕಿಕರಾದ ನೈಯಾಯಿಕರು ಉಪಾಧಿಯ ಚರ್ಚೆಯಲ್ಲಿ ತೋರಿಸಿಕೊಟ್ಟರು. ಹೊಗೆ ಇದ್ದಲ್ಲಿ ಬೆಂಕಿ ಇದ್ದೇ ಇರುತ್ತದೆ. ಬೆಂಕಿ ಇದ್ದಲ್ಲೆಲ್ಲ ಹೊಗೆ ಇರುತ್ತದೆ ಎನ್ನಲಾಗದು. ಕೆಂಪಗೆ ಕಾದ ಕಬ್ಬಿಣದ ಗುಂಡಿನಲ್ಲಿ ಬೆಂಕಿಯುಂಟು, ಹೊಗೆಯಿಲ್ಲ. ಹೊಗೆ ಬರಬೇಕಾದರೆ ಹಸಿ ಸೌದೆ ಬೇಕು. ಆ ಹಸಿ ಸೌದೆಯೇ ಉಪಾಧಿ, ಮರೆಯಲ್ಲಿದ್ದು ನಿಯಮವನ್ನು ಮುರಿಯುವ ಷರತ್ತು. ತೂತು ಇದೆ, ಆದ್ದರಿಂದ ಎಲ್ಲೆಡೆ ಲೋಹ ಸವೆದಿದೆ ಎಂಬ ವಾದಕ್ಕೂ ಹೀಗೆಯೇ ಉಪಾಧಿ ಹುಡುಕಬೇಕು. ಯಾರೋ ಗೋಡೆಗೆ ಹೊಡೆದ ಮೊಳೆ ತಾಕಿ ಆದ ತೂತು ಆ ಮೊಳೆಯ ಕಥೆಯನ್ನಷ್ಟೇ ಹೇಳುತ್ತದೆ. ಬೆಸುಗೆ ಹಾಕಿದವನು ಫ್ಲಕ್ಸ್ ಎಂಬ ಬೆಸುಗೆ ಲೇಪವನ್ನು ಒಳಗೆ ಬಿಟ್ಟಿದ್ದರೆ ಅವನು ಬೆಸೆದ ಕೀಲುಗಳೆಲ್ಲ ಸಂಶಯಕ್ಕೆ ಗುರಿ, ಉದ್ದದ ನೇರ ಕೊಳವೆಗಳಲ್ಲ. ನೀರು ಅತಿ ರಭಸದಿಂದ ಹರಿದು ಮೊಣಕೈ ತಿರುವಿನಲ್ಲಿ ಲೋಹ ಸವೆದಿದ್ದರೆ ತಿರುವುಗಳನ್ನು ಶಂಕಿಸಬೇಕು. ನೀರಿನ ಗುಣವೇ ಕಾರಣವೆಂದಾದರೆ, ಉದಾಹರಣೆಗೆ ಇಂಗಾಲದ ಡೈಆಕ್ಸೈಡ್ ಕರಗಿದ ಗಡಸು ಬಾವಿನೀರಾಗಿದ್ದರೆ, ಆಗ ಮಾತ್ರ ಒಂದು ಅಗುಳು ಇಡೀ ಪಾತ್ರೆಗೆ ಸಾಕ್ಷಿಯಾಗುತ್ತದೆ. ಕಾರಣ ತಿಳಿಯದೆ ಸಂಖ್ಯೆಯನ್ನು ಎಣಿಸುವುದರಿಂದ, ಅಂದರೆ ಇದು ಎಷ್ಟನೆಯ ಸೋರಿಕೆ ಎಂದು ಕೇಳುವುದರಿಂದ, ಹೆಚ್ಚು ಉಪಯೋಗವಿಲ್ಲ.

ಅನುಮಾನ, ಅಂದರೆ ಕಂಡದ್ದರಿಂದ ಕಾಣದ್ದನ್ನು ಊಹಿಸುವ ತರ್ಕ, ತೊಡಕಾದಾಗ ಪ್ರತ್ಯಕ್ಷವೇ ಮೇಲು. ಕತ್ತರಿಸಿ ತೆಗೆದ ತುಂಡನ್ನು ಎಸೆಯದೆ ಉದ್ದಕ್ಕೆ ಸೀಳಿ ಒಳಮೈ ನೋಡಿದರೆ ಕುಳಿಗಳು ಒಂದೇ ಕಡೆಯಿವೆಯೋ ಸಾಲಾಗಿ ಹಬ್ಬಿವೆಯೋ ಕಣ್ಣಿಗೇ ಕಾಣುತ್ತದೆ. ಇಷ್ಟು ಸುಲಭದ ಪರೀಕ್ಷೆಯನ್ನು ಬಿಟ್ಟು ವಾದಕ್ಕೆ ಇಳಿಯುವುದು ತಾರ್ಕಿಕರಿಗೂ ಶೋಭೆಯಲ್ಲ.

ದುರಸ್ತಿ ಮತ್ತು ಬದಲಾವಣೆಯ ನಡುವೆ ಮೂರನೆಯದೊಂದಿದೆ. ಅದನ್ನು ಸ್ಪಷ್ಟವಾಗಿ ಹೆಸರಿಸಿದವರು ವೈದ್ಯಶಾಸ್ತ್ರದವರು. ಆಯುರ್ವೇದ ರೋಗಗಳನ್ನು ಸಾಧ್ಯ, ಅಸಾಧ್ಯ ಎಂದು ಎರಡಾಗಿ ಸೀಳಿ ಸುಮ್ಮನಾಗುವುದಿಲ್ಲ; ಯಾಪ್ಯ ಎಂಬ ಇನ್ನೊಂದು ವರ್ಗವನ್ನು ಒಪ್ಪುತ್ತದೆ. ಯಾಪ್ಯ ರೋಗ ವಾಸಿಯಾಗುವುದಿಲ್ಲ, ಆದರೆ ಚಿಕಿತ್ಸೆ ನಡೆಯುತ್ತಿರುವಷ್ಟು ಕಾಲ ಕೊಲ್ಲುವುದೂ ಇಲ್ಲ. ಸುಶ್ರುತ ಸಂಹಿತೆ ಇದನ್ನು ಬೀಳಲಿರುವ ಮನೆಗೆ ಸರಿಯಾಗಿ ಕೊಟ್ಟ ಆಸರೆಗಂಬಕ್ಕೆ ಹೋಲಿಸುತ್ತದೆ. ಜೀರ್ಣವಾದ ಕೊಳವೆಗೆ ಹಾಕುವ ತೇಪೆಗಳು ಬಹುಪಾಲು ಈ ಜಾತಿಯವು. ಯಾಪ್ಯವನ್ನು ಯಾಪ್ಯವೆಂದೇ ತಿಳಿದು ಒಪ್ಪಿಕೊಂಡರೆ ಅದರಲ್ಲಿ ತಪ್ಪಿಲ್ಲ: ಹಣ ಕೂಡುವವರೆಗೆ, ಅಡುಗೆಮನೆಯನ್ನು ಹೇಗೂ ಒಡೆಸಬೇಕಾಗುವ ವರ್ಷದವರೆಗೆ ತೇಪೆ ಸಾಕು. ಅದನ್ನೇ ವಾಸಿಯಾಯಿತೆಂದು ನಂಬುವುದು ಅಪಾಯ. ಕೆಳಗಿನ ಮಹಡಿಯಲ್ಲಿ ಬೇರೆ ಸಂಸಾರವಿದ್ದರೆ ಆ ಅಪಾಯ ಅವರ ಚಾವಣಿಯ ಮೇಲೂ ಬೀಳುತ್ತದೆ.

ಇನ್ನು ಎರಡನೆಯ ಪ್ರಶ್ನೆ. ತುಂಡು ತುಂಡಾಗಿ ಬದಲಿಸಿದ ಸಾಲು ಹಳೆಯದೇ, ಹೊಸದೇ? ವೈಶೇಷಿಕರ ಉತ್ತರ ಅತ್ಯಂತ ಕಟ್ಟುನಿಟ್ಟು. ಬಟ್ಟೆಯಿಂದ ಒಂದೇ ನೂಲು ಎಳೆದರೂ ಆ ಬಟ್ಟೆ ನಾಶವಾಯಿತು, ಉಳಿದ ನೂಲುಗಳಿಂದ ಖಂಡಪಟವೆಂಬ ಬೇರೆಯೇ ಬಟ್ಟೆ ಹುಟ್ಟಿತು; ‘ಅದೇ ಬಟ್ಟೆ’ ಎನ್ನಿಸುವುದು ಹೋಲಿಕೆಯಿಂದಷ್ಟೇ ಎನ್ನುತ್ತಾರೆ ಅವರು. ಮಿಲಿಂದ ರಾಜನಿಗೆ ರಥವನ್ನು ಬಿಡಿಸಿ ತೋರಿಸಿದ ಬೌದ್ಧ ಭಿಕ್ಷು ನಾಗಸೇನನ ಪ್ರಕಾರ ನಾಶವಾಗಲು ಅಂಥದೊಂದು ಇಡಿಯೇ ಇರಲಿಲ್ಲ. ಇದ್ದದ್ದು ಭಾಗಗಳು ಮತ್ತು ಒಂದು ಹೆಸರು. ಎರಡೂ ಮತಗಳು ತರ್ಕಕ್ಕೆ ಗಟ್ಟಿ, ಮನೆಯ ಯಜಮಾನನಿಗೆ ನಿರುಪಯೋಗಿ. ಹೆಚ್ಚು ಕೆಲಸಕ್ಕೆ ಬರುವುದು ಶ್ರವಣಬೆಳಗೊಳದ ಶಾಸನಗಳು ಸ್ಮರಿಸುವ ಜೈನ ಆಚಾರ್ಯ ಸಮಂತಭದ್ರರ ಮಾತು. ಚಿನ್ನದ ಕೊಡವನ್ನು ಕರಗಿಸಿ ಕಿರೀಟ ಮಾಡಿದರೆ ಕೊಡ ಬೇಕಾಗಿದ್ದವನು ದುಃಖಿಸುತ್ತಾನೆ, ಕಿರೀಟ ಬಯಸಿದವನು ಹಿಗ್ಗುತ್ತಾನೆ, ಚಿನ್ನವೊಂದೇ ಬೇಕಾದವನಿಗೆ ಎರಡೂ ಇಲ್ಲ ಎಂದು ಅವರ ಆಪ್ತಮೀಮಾಂಸೆ ಹೇಳುತ್ತದೆ. ಏನು ಹೋಯಿತು, ಏನು ಉಳಿಯಿತು ಎಂಬುದು ಯಾರಿಗೆ ಏನು ಬೇಕಿತ್ತು ಎಂಬುದರ ಜೊತೆ ಬೆಸೆದುಕೊಂಡಿದೆ. ಹಳೆಯ ತಾಮ್ರವನ್ನು ತೂಕಕ್ಕೆ ಕೊಳ್ಳುವ ಗುಜರಿಯವನಿಗೆ ಕೊಳವೆಯ ಮುಪ್ಪು ಮುಪ್ಪೇ ಅಲ್ಲ, ಏಕೆಂದರೆ ಲೋಹ ಕರಗಿ ಮತ್ತೆ ಹೊಸದಾಗುತ್ತದೆ.

ದೇವಾಲಯಗಳ ಜೀರ್ಣೋದ್ಧಾರದ ವಿಧಿಗಳು ಈ ವಿವೇಕವನ್ನು ಆಚರಣೆಗೆ ತಂದವು. ಭಿನ್ನವಾದ ಶಿಲಾಮೂರ್ತಿಯನ್ನು ನೀರಿಗೆ ಬಿಟ್ಟು ಹೊಸದನ್ನು ಕೂರಿಸುವುದು ರೂಢಿ. ಲೋಹದ ಮೂರ್ತಿಯಾದರೆ ಕರಗಿಸಿ ಮತ್ತೆ ಎರಕ ಹೊಯ್ಯಬಹುದು. ಸ್ವಯಂಭೂ ಲಿಂಗ ಸವೆದರೂ ಅದನ್ನು ಬದಲಿಸುವ ಮಾತಿಲ್ಲ. ವಸ್ತು ಯಾವುದು, ಅದು ಅಲ್ಲಿಗೆ ಬಂದ ಬಗೆ ಯಾವುದು ಎಂಬುದರ ಮೇಲೆ ತೀರ್ಮಾನ ನಿಂತಿದೆ, ಕೇವಲ ವಯಸ್ಸಿನ ಮೇಲಲ್ಲ. ಇನ್ನೂ ಒಂದು ಎಚ್ಚರಿಕೆ ಅಲ್ಲಿದೆ. ಗರ್ಭಗುಡಿಗೆ ಕೈಹಚ್ಚುವ ಮೊದಲು ದೇವಸಾನ್ನಿಧ್ಯವನ್ನು ಕಲಶಕ್ಕೆ ಆವಾಹಿಸಿ ಬಾಲಾಲಯವೆಂಬ ತಾತ್ಕಾಲಿಕ ಗುಡಿಯಲ್ಲಿ ನೆಲೆಗೊಳಿಸುತ್ತಾರೆ. ಹಳೆಯದು ಹೊತ್ತಿದ್ದನ್ನು ಬೇರೆಡೆ ಇಳಿಸದೆ ಹಳೆಯದನ್ನು ಕೀಳುವಂತಿಲ್ಲ.

ತಾಮ್ರದ ಕೊಳವೆ ಹೊತ್ತಿರುವುದೂ ನೀರನ್ನು ಮಾತ್ರವಲ್ಲ. ಅಮೆರಿಕದ ಅನೇಕ ಹಳೆಯ ಮನೆಗಳಲ್ಲಿ ವಿದ್ಯುತ್ತಿನ ಅರ್ಥಿಂಗ್ ತಂತಿಯನ್ನು ಇದೇ ಕೊಳವೆಗೆ ಕಟ್ಟಿರುತ್ತಾರೆ. ನಡುವಿನ ಒಂದು ತುಂಡನ್ನು ತೆಗೆದು ಪ್ಲಾಸ್ಟಿಕ್ ಪೈಪು ಸೇರಿಸಿದರೆ ನೀರು ಮೊದಲಿನಂತೆಯೇ ಬರುತ್ತದೆ, ಭೂಮಿಯ ಸಂಪರ್ಕ ಮಾತ್ರ ಯಾರಿಗೂ ತಿಳಿಯದಂತೆ ಕಡಿದುಹೋಗುತ್ತದೆ. ಮನೆಯವರು ಅದನ್ನು ದುರಸ್ತಿ ಎಂದು ಕರೆದರೂ ಬದಲಾವಣೆ ಎಂದು ಕರೆದರೂ, ತುಂಡು ಕತ್ತರಿಸುವ ಮುನ್ನ ಎಲೆಕ್ಟ್ರಿಷಿಯನ್ ಬಂದು ಅರ್ಥಿಂಗಿಗೆ ಬೇರೆ ದಾರಿ ಮಾಡಿಕೊಟ್ಟಿರಬೇಕು.