ಸೋಲಿಸಿದವನ ಹೆಸರು

ಒಂದು ವಿದ್ಯೆ ಹುಟ್ಟಿದ ಊರು ಬಿಟ್ಟು ಹೋಗಿ, ಪರದೇಶದಲ್ಲಿ ಬೇರೆಯದೇ ರೂಪ ತಾಳಿದರೆ ಅದು ಮೂಲಕ್ಕೆ ಬಗೆದ ದ್ರೋಹವಾ?

ಮಿತ್ಸುಯೊ ಮಯೇದಾ ಟೋಕಿಯೊದ ಕೊಡೊಕಾನ್‌ನಲ್ಲಿ ಜೂಡೊ ಕಲಿತವನು. ದೇಶದೇಶ ಸುತ್ತಿ, ಕಂಡಕಂಡವರ ಜೊತೆ ಸೆಣಸಿ, 1914ರಲ್ಲಿ ಬ್ರೆಜಿಲ್‌ಗೆ ಬಂದ. ಮುಂದೆ ಅಮೆಜಾನ್ ಸೀಮೆಯ ಬೆಲೆಮ್ ಪಟ್ಟಣದಲ್ಲಿ ನೆಲೆನಿಂತ. ಅಲ್ಲಿ ಅವನ ಹತ್ತಿರ ಕಲಿತವರಲ್ಲಿ ಕಾರ್ಲೋಸ್ ಗ್ರೇಸಿ ಅನ್ನೋ ಹುಡುಗನೂ ಇದ್ದ. ಅವನಿಂದ ವಿದ್ಯೆ ತಮ್ಮಂದಿರಿಗೆ ದಾಟಿತು. ಜೂಡೊದಲ್ಲಿ ಎದುರಾಳಿಯನ್ನು ಎತ್ತಿ, ಸರಿಯಾಗಿ ಬೆನ್ನ ಮೇಲೆ ಕೆಡವಿದರೆ ಪಂದ್ಯ ಮುಗೀತು. ಗ್ರೇಸಿಗಳಿಗೆ ನಿಜವಾದ ಆಟ ಶುರುವಾಗೋದೇ ನೆಲಕ್ಕೆ ಬಿದ್ದ ಮೇಲೆ. ಹೀಗೆ ಬೆಳೆದದ್ದೇ ಇವತ್ತು ಬೆಂಗಳೂರಿನ ಜಿಮ್‌ಗಳಲ್ಲೂ ಕಲಿಸುವ ಬ್ರೆಜಿಲಿಯನ್ ಜಿಯು-ಜಿಟ್ಸು.

ಇದನ್ನು ಕಲಬೆರಕೆ ಅಂತ ಮೂಗು ಮುರಿಯೋದು ಸುಲಭ. ಆದರೆ 1882ರಲ್ಲಿ ಕೊಡೊಕಾನ್ ಕಟ್ಟಿದ ಜಿಗೊರೊ ಕಾನೊ ಮಾಡಿದ್ದೂ ಅದನ್ನೇ ಅಲ್ವಾ? ಹಳೇ ಜುಜುತ್ಸು ಪರಂಪರೆಗಳಿಂದ ತನಗೆ ಬೇಕಾದ ಪಟ್ಟುಗಳನ್ನು ಆರಿಸಿಕೊಂಡ. ಅಪಾಯಕಾರಿಯಾದವನ್ನು ಪಂದ್ಯದಿಂದ ಹೊರಗಿಟ್ಟ. ಹಾಗಾಗಿ ಮೂಲ ಅಂತ ನಾವು ಬೆರಳು ಮಾಡೋದು ಕೂಡ ಯಾರೋ ಬದಲಾಯಿಸಿದ್ದೇ. ಬದಲಾಯಿಸೋದು ತಪ್ಪಲ್ಲ ಅಂತಾದರೆ, ಪಡೆದವನ ಮೇಲೆ ಉಳಿಯುವ ಋಣ ಯಾವುದು?

ಅದಕ್ಕೆ ಒಂದು ಉತ್ತರ 1951ರಲ್ಲಿ ಸಿಗುತ್ತೆ. ಕಾರ್ಲೋಸ್‌ನ ತಮ್ಮ ಎಲಿಯೊ ಗ್ರೇಸಿ, ಜಪಾನಿನ ಜೂಡೊ ದಿಗ್ಗಜ ಮಸಾಹಿಕೊ ಕಿಮುರಾ ಎದುರು ರಿಯೊದ ಮರಕಾನಾ ಕ್ರೀಡಾಂಗಣದಲ್ಲಿ ಕಾದಾಡಿದ. ಕಿಮುರಾ ಅವನ ತೋಳನ್ನು ತಿರುಚಿ ಹಿಡಿದ. ಎಲಿಯೊ ಸೋಲೊಪ್ಪಲಿಲ್ಲ, ಕೊನೆಗೆ ಅಣ್ಣನೇ ಪಂದ್ಯ ನಿಲ್ಲಿಸಬೇಕಾಯಿತು. ಆ ಪಟ್ಟಿಗೆ ಜೂಡೊದಲ್ಲಿ 'ಉದೆ-ಗರಾಮಿ' ಅಂತ ಹೆಸರು. ಬ್ರೆಜಿಲ್‌ನವರು ಅದಕ್ಕಿಟ್ಟ ಹೆಸರು 'ಕಿಮುರಾ'. ತಮ್ಮನ್ನು ಸೋಲಿಸಿದವನ ಹೆಸರನ್ನು ತಮ್ಮ ಮಕ್ಕಳ ಬಾಯಲ್ಲಿ ದಿನಾ ಹೇಳಿಸುವ ಸಂಪ್ರದಾಯ ಎಷ್ಟು ಕಡೆ ಇದೆ ಹೇಳಿ?

ಆದರೆ ಕಥೆ ಇಷ್ಟಕ್ಕೇ ನಿಲ್ಲಲ್ಲ. ಮಯೇದಾನ ಪರಂಪರೆಯಲ್ಲೇ ಬಂದ ಲೂಯಿಸ್ ಫ್ರಾನ್ಸಾ ಅನ್ನೋ ಇನ್ನೊಬ್ಬ ಗುರುವಿದ್ದ. ಅವನ ಶಿಷ್ಯ ಓಸ್ವಾಲ್ಡೊ ಫಡ್ಡಾ, ರಿಯೊದ ಹೊರವಲಯದಲ್ಲಿ ದುಡ್ಡು ಕೊಡಲಾಗದವರಿಗೂ ಕಲಿಸಿದ. ಐವತ್ತರ ದಶಕದಲ್ಲಿ ಅವನ ಹುಡುಗರು ಗ್ರೇಸಿ ಅಕಾಡೆಮಿಯವರನ್ನೇ ಸೋಲಿಸಿದರು. ಫಡ್ಡಾನ ಹೆಸರಲ್ಲಿ ಯಾವ ಪ್ರಸಿದ್ಧ ಪಟ್ಟೂ ಇಲ್ಲ. ವಿದ್ಯೆಗೆ ಒಂದು ಮನೆತನದ ಹೆಸರೇ ಅಂಟಿಕೊಂಡಿತು.

ದೂರದಿಂದ ಬಂದ ದಿಗ್ಗಜನಿಗೆ ಸೋತೆ ಅಂತ ಹೇಳಿಕೊಳ್ಳೋದರಲ್ಲಿ ಒಂದು ಗತ್ತಿದೆ. ಅದೇ ಊರಿನ ಬಡಾವಣೆಯ ಹುಡುಗರಿಗೆ ಸೋತೆ ಅನ್ನೋದರಲ್ಲಿ ಅದಿಲ್ಲ. ಆಫೀಸಲ್ಲೂ ಹೀಗೇ ತಾನೇ? ಯಾವುದೋ ದೊಡ್ಡ ಲೇಖಕನಿಂದ ಕಲಿತೆ ಅಂತ ಸ್ಲೈಡ್ ಹಾಕ್ತೀವಿ, ಪಕ್ಕದ ಸೀಟಿನವರು ಹೇಳಿಕೊಟ್ಟದ್ದನ್ನು ನಮ್ಮದೇ ಅಂದುಕೊಂಡುಬಿಡ್ತೀವಿ. ಕಲಿತದ್ದನ್ನು ಬದಲಾಯಿಸಲು ಯಾರ ಅಪ್ಪಣೆಯೂ ಬೇಕಿಲ್ಲ. ಯಾರಿಂದ ಕಲಿತೆವು ಅಂತ ಹೇಳುವಾಗ ಮಾತ್ರ, ಹೇಳಿದರೆ ನಮಗೇನೂ ಹೆಚ್ಚುಗಾರಿಕೆ ಬಾರದ ಹೆಸರುಗಳನ್ನೂ ಹೇಳಬೇಕು.