ನಿಮ್ಮ ಮನೆಯ ಎದುರಿನ ಗೋಡೆ

ಸತ್ಯವೇದ ತಂದಿದ್ದೀರಾ? ಮೊಬೈಲಲ್ಲಿ ಇದ್ದರೂ ಪರವಾಗಿಲ್ಲ, ನೋಟಿಫಿಕೇಶನ್ ಮಾತ್ರ ಆಫ್ ಮಾಡಿ. ನೆಹೆಮೀಯ 3ನೇ ಅಧ್ಯಾಯ ತೆಗೆಯಿರಿ.

ಈ ಅಧ್ಯಾಯವನ್ನ ನಾವು ಸಾಮಾನ್ಯವಾಗಿ ಹಾರಿಸಿಬಿಡ್ತೀವಿ. ಬರೀ ಹೆಸರುಗಳು. ಇವನು ಈ ಬಾಗಿಲು ಕಟ್ಟಿದ, ಅವನ ಪಕ್ಕದಲ್ಲಿ ಅವನು ಕಟ್ಟಿದ. ಆದರೆ ಪ್ರಿಯರೇ, ಯೆರೂಸಲೇಮಿನ ಗೋಡೆ ಕಟ್ಟಿದ ಅನೇಕರ ಹೆಸರುಗಳನ್ನು ಪವಿತ್ರಾತ್ಮನು ಬರೆಸಿಟ್ಟಿದ್ದಾನೆ. ಅಲ್ಲಿ ಒಂದು ಮಾತು ಪದೇ ಪದೇ ಬರುತ್ತೆ. 10, 23, 28, 29ನೇ ವಚನ ನೋಡಿ. ಇವರೆಲ್ಲ ಎಲ್ಲಿ ಕಟ್ಟಿದರು? ತಮ್ಮ ತಮ್ಮ ಮನೆಯ ಎದುರಿಗೆ. ಪಕ್ಕದವರಿಗೆ ಹೇಳಿ: ನಿನ್ನ ಮನೆಯ ಎದುರಿಗೆ ಕಟ್ಟು!

ಯಾಕೆ ಈ ವಾಕ್ಯ ತಗೊಂಡೆ ಅಂದ್ರೆ, ನಮ್ಮ ಸಭೆಯ ಒಬ್ಬ ತಮ್ಮ ನನ್ನ ಹತ್ತಿರ ಬಂದಿದ್ದ. ಸಿವಿಲ್ ಎಂಜಿನಿಯರ್. ಅವನ ಅನುಮತಿ ಕೇಳಿಯೇ ಹೇಳ್ತಿದ್ದೀನಿ. "ಪಾಸ್ಟರ್, ಕೆಲಸ ಬಿಟ್ಟು ಪೂರ್ಣಾವಧಿ ಸೇವೆಗೆ ಬರ್ಲಾ?" ಅಂದ. ದರ್ಶನ ಆಯ್ತಾ ತಮ್ಮಾ ಅಂತ ಕೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು ಆಮೇಲೆ ಬಾಯಿಬಿಟ್ಟ. ಸೈಟಲ್ಲಿ ಕಾಂಕ್ರೀಟಿನ 28 ದಿನದ ಕ್ಯೂಬ್ ಟೆಸ್ಟ್ ಫೇಲ್ ಆಗಿದೆ. ರಿಪೋರ್ಟಲ್ಲಿ ಪಾಸ್ ಅಂತ ಬರೆದು ಸಹಿ ಹಾಕು ಅಂತ ಮೇಲಿನವರು ಹೇಳ್ತಿದ್ದಾರೆ. ಮನೆಗೆ ಹೋದರೆ ಹೆಂಡತಿ, "ನೀವು ಮನೇಲಿದ್ರೂ ಸೈಟಲ್ಲೇ ಇರ್ತೀರಿ" ಅಂತಾಳೆ. ಮಗಳು ಮಲಗಿದ ಮೇಲೆ ಬರ್ತಾನೆ, ಏಳೋ ಮುಂಚೆ ಹೋಗ್ತಾನೆ. "ಈ ಲೋಕದ ಕೆಲಸ ಸಾಕು ಪಾಸ್ಟರ್, ದೇವರ ಕೆಲಸ ಮಾಡ್ತೀನಿ."

ನಾನು ಅವನಿಗೆ ಇನ್ನೊಬ್ಬ ಎಂಜಿನಿಯರನ ಬಗ್ಗೆ ಹೇಳಿದೆ. ನಿಮಗೂ ಹೇಳ್ತೀನಿ.

ಆರ್ಥರ್ ಕಾಟನ್. 1803ರಲ್ಲಿ ಇಂಗ್ಲೆಂಡಿನಲ್ಲಿ ಹುಟ್ಟಿದವರು. 1821ರಲ್ಲಿ, ಇನ್ನೂ 18 ವಯಸ್ಸು, ಮದ್ರಾಸಿಗೆ ಬಂದರು. ಇಲ್ಲಿ ಕೂತಿರೋ ಕೆಲವರಿಗೆ ಆ ವಯಸ್ಸಲ್ಲಿ ಸಿಇಟಿ ರ‍್ಯಾಂಕಿನದೇ ಚಿಂತೆ ಇತ್ತು! ಯೌವನದಲ್ಲೇ ಕ್ರಿಸ್ತನನ್ನು ಆಳವಾಗಿ ನಂಬಿದ ಮನುಷ್ಯ. ಹಾಗಂತ ಬೋಧಕನಾಗಲಿಲ್ಲ. ಜೀವಮಾನವೆಲ್ಲ ನೀರಿನ ಎಂಜಿನಿಯರ್ ಆಗಿಯೇ ಇದ್ದರು. ನಮ್ಮ ಕೊಡಗಿನಲ್ಲಿ ಹುಟ್ಟುವ ಕಾವೇರಿ ತಮಿಳುನಾಡಿನಲ್ಲಿ ಎರಡಾಗಿ ಒಡೆಯುತ್ತೆ. ಕೊಳ್ಳಿಡಂ ಅನ್ನೋ ಕವಲು ತಗ್ಗಿನಲ್ಲಿರೋದ್ರಿಂದ ನೀರನ್ನೆಲ್ಲ ಎಳೆದುಕೊಳ್ತಿತ್ತು, ತಂಜಾವೂರಿನ ಗದ್ದೆಗಳು ಒಣಗ್ತಿದ್ದವು. ಕಾಟನ್ ಅಲ್ಲಿ 1836ರಿಂದ ಅಣೆಕಟ್ಟು ಕಟ್ಟಿಸಿ ಕಾವೇರಿಯ ಪಾಲನ್ನ ಕಾವೇರಿಗೆ ಉಳಿಸಿದರು.

ಆಗ ಗೋದಾವರಿ ಕಡೆ ಏನಾಗಿತ್ತು ಗೊತ್ತಾ? 1833ರ ಬರದಲ್ಲಿ ಗುಂಟೂರು ಜಿಲ್ಲೆಯೊಂದರಲ್ಲೇ ಸುಮಾರು 2 ಲಕ್ಷ ಜನ ಸತ್ತರು ಅಂತ ದಾಖಲೆ ಹೇಳುತ್ತೆ. ಒಂದು ಕಡೆ ಕೃಷ್ಣಾ, ಇನ್ನೊಂದು ಕಡೆ ಗೋದಾವರಿ. ಎರಡೂ ತುಂಬಿ ಸಮುದ್ರಕ್ಕೆ ಹೋಗ್ತಿವೆ, ಮಧ್ಯದಲ್ಲಿ ಜನ ಅನ್ನ ಇಲ್ಲದೆ ಸಾಯ್ತಿದ್ದಾರೆ. ಕಾಟನ್ 1847ರಲ್ಲಿ ಧವಳೇಶ್ವರದಲ್ಲಿ ಗೋದಾವರಿಗೆ ಅಡ್ಡಲಾಗಿ ಕೆಲಸ ಶುರು ಮಾಡಿದರು. ನಾಲ್ಕು ಕವಲು, ಒಟ್ಟು ಮೂರೂವರೆ ಕಿಲೋಮೀಟರಿನಷ್ಟು ಉದ್ದದ ಕಟ್ಟೆ. ಆಗ ಜೆಸಿಬಿ ಇಲ್ಲ, ರೆಡಿಮಿಕ್ಸ್ ಇಲ್ಲ. ಗಾರೆ, ಕಲ್ಲು, ಸಾವಿರಾರು ಕೂಲಿಕಾರರು. 1852ಕ್ಕೆ ಮುಗೀತು. ಇವತ್ತು ಅದೇ ಜಾಗದ ಹೊಸ ಬ್ಯಾರೇಜಿಗೆ ಅವರದೇ ಹೆಸರು. ಸುಮಾರು 10 ಲಕ್ಷ ಎಕರೆಗೆ ನೀರು. ಗೋದಾವರಿ ಜಿಲ್ಲೆಗಳ ರೈತರು ಇವತ್ತಿಗೂ ಅವರ ಪ್ರತಿಮೆಗೆ ಹಾರ ಹಾಕ್ತಾರೆ.

ಒಂದು ಮಾತು ನೇರವಾಗಿ ಹೇಳ್ತೀನಿ. ಅವರು ಈಸ್ಟ್ ಇಂಡಿಯಾ ಕಂಪನಿಯ ಅಧಿಕಾರಿ. ಕಂಪನಿಗೆ ಬೇಕಾಗಿದ್ದು ಕಂದಾಯ. ನಾವು ಮನುಷ್ಯನನ್ನು ಆರಾಧಿಸಲ್ಲ, ಸಾಮ್ರಾಜ್ಯವನ್ನೂ ಹೊಗಳಲ್ಲ. ಆದರೆ ಅಂಥಾ ವ್ಯವಸ್ಥೆಯೊಳಗೂ ಒಬ್ಬ ವಿಶ್ವಾಸಿ ಹಸಿದವರ ಕಡೆ ನೋಡಿದ. ಯೋಸೇಫನು ಫರೋಹನ ಉಗ್ರಾಣದಲ್ಲಿ ಮಾಡಿದ್ದೂ ಅದೇ ಅಲ್ವಾ?

ಕಲಿಯಬೇಕಾದ ಮೊದಲನೇ ಪಾಠ: ನಿಮ್ಮ ಕೆಲಸವೇ ನಿಮ್ಮ ಅಭಿಷೇಕದ ಜಾಗ. ದೇವರ ಆತ್ಮದಿಂದ ತುಂಬಿದವನು ಅಂತ ಸತ್ಯವೇದ ಮೊಟ್ಟಮೊದಲು ಯಾರನ್ನ ಹೇಳುತ್ತೆ? ಪ್ರವಾದಿಯನ್ನಲ್ಲ, ಯಾಜಕನನ್ನಲ್ಲ. ವಿಮೋಚನಕಾಂಡ 31 ಓದಿ. ಬೆಚಲೇಲ! ಮರ, ಕಲ್ಲು, ಲೋಹದ ಕೆಲಸ ಮಾಡುವವನು. ಪೆಂತೆಕೊಸ್ತಿನವರಾದ ನಾವು ತುಂಬಿಸಲ್ಪಡೋದು ಅಂದ್ರೆ ಭಾನುವಾರದ ಆರಾಧನೆ ಮಾತ್ರ ಅಂದುಕೊಂಡಿದ್ದೀವಿ. ಸೋಮವಾರ ಬೆಳಗ್ಗೆ ಅಳತೆ ಸರಿಯಾಗಿ ಹಿಡಿಯೋಕೂ ಆತ್ಮನ ತುಂಬುವಿಕೆ ಬೇಕು. ಹಲ್ಲೆಲೂಯಾ!

ಎರಡನೇ ಪಾಠ: ಕಣ್ಣಿಗೆ ಕಾಣದ ಕಡೆ ಗಟ್ಟಿಯಾಗಿ ಕಟ್ಟಿ. ಕಾಟನ್‌ಗಿದ್ದ ಕಷ್ಟ ಏನು? ನದಿಯ ತಳದಲ್ಲಿ ಬರೀ ಮರಳು, ಎಷ್ಟು ಅಗೆದರೂ ಬಂಡೆ ಸಿಗಲ್ಲ. ಉತ್ತರ ಸಿಕ್ಕಿದ್ದು ಎಲ್ಲಿ? ಕರಿಕಾಲ ಚೋಳ ಕಟ್ಟಿಸಿದ ಅನ್ನೋ ಕಲ್ಲಣೆಯಲ್ಲಿ. ಮರಳಿನ ಮೇಲೆ ಅಣೆ ಹೇಗೆ ನಿಲ್ಲಿಸೋದು ಅಂತ ನಮ್ಮ ಹಳೇ ಕಾಲದ ಕೆಲಸಗಾರರಿಂದ ಕಲಿತೆವು ಅಂತ ಅವರೇ ಒಪ್ಪಿಕೊಂಡಿದ್ದಾರೆ. ಎಂಥಾ ದೀನತೆ ನೋಡಿ! ಇಂಥಾ ಕಟ್ಟೆಯನ್ನ ಬೀಳಿಸೋದು ಮೇಲೆ ಹರಿಯುವ ನೀರಿಗಿಂತ ಹೆಚ್ಚಾಗಿ ಅಡಿಯಿಂದ ನುಸುಳಿ ಮರಳನ್ನು ಕೊರೆಯುವ ನೀರು. ಅದಕ್ಕೇ ಮರಳಿನಲ್ಲಿ ಬಾವಿಗಳನ್ನು ಇಳಿಸಿ, ಕಟ್ಟೆಯ ಹಿಂದೆ ದೊಡ್ಡ ಕಲ್ಲುಗಳನ್ನ ಹಾಸ್ತಾರೆ. ಮನೆ ಕಟ್ಟಿದ ಬುದ್ಧಿವಂತನ ಬಗ್ಗೆ ಲೂಕ 6ರಲ್ಲಿ ಯೇಸಪ್ಪ ಏನು ಹೇಳಿದ್ರು? ಆಳವಾಗಿ ಅಗೆದ ಅಂತ. ಅಗೆದದ್ದು ಯಾರಿಗೂ ಕಾಣಲ್ಲ. ಕರ್ತನ ಮಾತು ಕೇಳಿ ಅದರಂತೆ ನಡೆಯೋದೇ ಆ ಅಗೆತ.

ನನ್ನ ತಂದೆ ಗಾರೆ ಮೇಸ್ತ್ರಿ ಆಗಿದ್ದರು. ಮೋಲ್ಡ್ ಹಾಕಿದ ದಿನ ಎಲ್ಲರೂ ಊಟ ಮಾಡಿ ಖುಷಿಯಾಗಿ ಹೋಗ್ತಿದ್ದರು. ಅಪ್ಪ ಮಾತ್ರ ಮಾರನೇ ದಿನದಿಂದ ಬಿಂದಿಗೆ ಹಿಡಿದು ಹೋಗ್ತಿದ್ದರು, ಕ್ಯೂರಿಂಗ್‌ಗೆ. ಕನಿಷ್ಠ ಏಳು ದಿನ ನೀರು ಬೇಕು. ಬಿಟ್ಟರೆ ಮೇಲೆ ಚೆನ್ನಾಗೇ ಕಾಣುತ್ತೆ, ಒಳಗೆ ಬಲ ಬರಲ್ಲ. ಪ್ರಿಯರೇ, ರಿಟ್ರೀಟಲ್ಲಿ ಅತ್ತು ತೀರ್ಮಾನ ಮಾಡ್ತೀರಿ, ಅದು ಮೋಲ್ಡ್ ಹಾಕಿದ ದಿನ. ಮಂಗಳವಾರ, ಬುಧವಾರ ನೀರು ಹಾಕೋರು ಯಾರು?

ಮೂರನೇ ಪಾಠ: ನಿಮ್ಮ ಮನೆಯವರ ಜೊತೆ ಕಟ್ಟಿ. 12ನೇ ವಚನ ನೋಡಿ. ಶಲ್ಲೂಮ್ ಅನ್ನೋ ಅಧಿಕಾರಿ ಗೋಡೆ ಕಟ್ಟಿದ, ಜೊತೆಗೆ ಯಾರು? ಅವನ ಹೆಣ್ಣುಮಕ್ಕಳು! ಕಾಟನ್ 1841ರಲ್ಲಿ ಎಲಿಜಬೆತ್ ಲಿಯರ್‌ಮಂತ್ ಅವರನ್ನು ಮದುವೆಯಾದರು. ಧವಳೇಶ್ವರದ ಬಿಸಿಲಲ್ಲಿ ಆ ತಾಯಿಯೂ ಸಂಸಾರ ಮಾಡಿದರು. 1836ರಲ್ಲಿ ಆ ಸೀಮೆಗೆ ಬಂದಿದ್ದ ಬೌಡನ್, ಬಿಯರ್ ಎಂಬ ಮಿಷನರಿಗಳ ಕಾಲದಲ್ಲಿ ಅಣೆಕಟ್ಟಿನ ಕೂಲಿಕಾರರ ನಡುವೆ ಸುವಾರ್ತೆ ಹರಡಿತು. ಕಾಟನ್ ಅವರ ಮಗಳು ಮುಂದೆ ಇಂಗ್ಲೆಂಡಿನ ಡಾರ್ಕಿಂಗ್ ಊರಿನಲ್ಲಿ, ಕುಡಿತಕ್ಕೆ ಬಿದ್ದ ಕೂಲಿಯವರಿಗಾಗಿ ಕಾಫಿ ಕೋಣೆ ನಡೆಸಿ ಯೇಸುವನ್ನು ಸಾರಿದರು. ಲೇಡಿ ಹೋಪ್ ಅಂತ ಹೆಸರು. 1899ರಲ್ಲಿ ಅಪ್ಪ 96ನೇ ವಯಸ್ಸಿನಲ್ಲಿ ತೀರಿಹೋದ ಮೇಲೆ ಅಪ್ಪನ ಜೀವನಚರಿತ್ರೆ ಪ್ರಕಟಿಸಿದ್ದೂ ಅದೇ ಮಗಳು. ತಮ್ಮಂದಿರೇ, ತಂಗಿಯಂದಿರೇ, ನಿಮ್ಮ ಲಿಂಕ್ಡ್‌ಇನ್ ಪ್ರೊಫೈಲ್ ನೀವೇ ಬರೀಬಹುದು. ನಿಮ್ಮ ಜೀವನದ ಸಾಕ್ಷಿಯನ್ನ ನಿಮ್ಮ ಮಕ್ಕಳು ಬರೀತಾರೆ. ಏನಂತ ಬರೀತಾರೆ?

ಇಷ್ಟಕ್ಕೆ ಎಲ್ಲ ಸುಖವಾಗಿ ಮುಗೀತಾ? ಇಲ್ಲ. 1876ರಿಂದ 78ರವರೆಗೆ ಮದ್ರಾಸಿನಲ್ಲೂ ನಮ್ಮ ಮೈಸೂರು ಸೀಮೆಯಲ್ಲೂ ಘೋರ ಬರ. ನಮ್ಮ ಹಿರಿಯರು ಧಾತು-ಈಶ್ವರ ಬರ ಅಂತಿದ್ದರಲ್ಲ, ಅದೇ. ರೈಲಿಗೆ ಸುರಿದ ಹಣ ಕಾಲುವೆಗೆ ಹಾಕಬೇಕಿತ್ತು ಅಂತ ಕಾಟನ್ ವಾದಿಸಿದರು. 1878ರಲ್ಲಿ, 75ರ ಮುದುಕ, ಬ್ರಿಟಿಷ್ ಸಂಸತ್ತಿನ ಸಮಿತಿಯ ಮುಂದೆ ಕೂತು ಪ್ರಶ್ನೆಗಳಿಗೆ ಉತ್ತರ ಕೊಡಬೇಕಾಯ್ತು. ಇಂಡಿಯಾದ ನದಿಗಳನ್ನೆಲ್ಲ ಕಾಲುವೆಗಳಿಂದ ಜೋಡಿಸುವ ಅವರ ಕನಸು ನಡೀಲಿಲ್ಲ. ನಂಬಿಗಸ್ತನಾಗಿದ್ದರೆ ಎಲ್ಲರೂ ಚಪ್ಪಾಳೆ ತಟ್ತಾರೆ ಅಂತ ದೇವರು ಎಲ್ಲೂ ವಾಗ್ದಾನ ಮಾಡಿಲ್ಲ.

ಆ ತಮ್ಮನಿಗೆ ನಾನು ಹೇಳಿದ್ದು ಇಷ್ಟೇ: ದೇವರು ಸೇವೆಗೆ ಕರೆದರೆ ಖಂಡಿತ ಬಾ, ನಾನೇ ಕೈಯಿಟ್ಟು ಪ್ರಾರ್ಥನೆ ಮಾಡ್ತೀನಿ. ಆದರೆ ಆ ಕಾಗದದಿಂದ ಓಡಿಹೋಗೋಕೆ ಸೇವೆಯನ್ನ ನೆಪ ಮಾಡ್ಬೇಡ. ಆ ಕಟ್ಟಡದಲ್ಲಿ ಯಾರದೋ ಮಗು ಮಲಗುತ್ತೆ. ಈಗ ನಿನ್ನ ಸಹಿಯೇ ನಿನ್ನ ಪ್ರಸಂಗ. ಅವನು ಸಹಿ ಹಾಕಲಿಲ್ಲ. ಪ್ರಮೋಷನ್ ನಿಂತುಹೋಯ್ತು, ಬೇರೆ ಸೈಟಿಗೆ ಹಾಕಿದರು. ಇವತ್ತಿನವರೆಗೂ ಆ ಪ್ರಮೋಷನ್ ಬಂದಿಲ್ಲ. ಆದರೆ ರಾತ್ರಿ ಎಂಟೂವರೆಗೆ ಫೋನ್ ಪಕ್ಕಕ್ಕಿಟ್ಟು, ಹೆಂಡತಿ ಮಗಳ ಜೊತೆ ಕೂತು ಒಂದು ಅಧ್ಯಾಯ ಓದಿ ಪ್ರಾರ್ಥನೆ ಮಾಡ್ತಾನೆ. ತನ್ನ ಮನೆಯ ಎದುರಿನ ಗೋಡೆ ಕಟ್ಟೋಕೆ ಶುರು ಮಾಡಿದ್ದಾನೆ. ಆಮೆನ್?

ಎಲ್ಲರೂ ಎದ್ದು ನಿಲ್ಲಿ. ಕಣ್ಣು ಮುಚ್ಚಿ. ಇಲ್ಲಿ ಯಾರೋ ನಾಳೆ ಬೆಳಗ್ಗೆ ಒಂದು ಸುಳ್ಳಿಗೆ ಸಹಿ ಹಾಕಬೇಕಾಗಿದೆ. ಯಾರೋ ಮೂರು ವಾರದಿಂದ ಅಮ್ಮನಿಗೆ ಫೋನ್ ಮಾಡಿಲ್ಲ. ಯಾರದೋ ಮನೆಯಲ್ಲಿ ಕುಟುಂಬ ಪ್ರಾರ್ಥನೆ ನಿಂತುಹೋಗಿದೆ. ನಾಚಿಕೆ ಪಡಬೇಡಿ, ಕೈ ಎತ್ತಿ.

ಪರಲೋಕದ ತಂದೆಯೇ, ಈ ಯೌವನಸ್ಥರನ್ನು ನಿಮ್ಮ ಆತ್ಮದಿಂದ ತುಂಬಿಸಿ. ಬೆಚಲೇಲನಿಗೆ ಕೊಟ್ಟ ಜ್ಞಾನವನ್ನು ಇವರ ಕೈಗಳಿಗೆ ಕೊಡಿ. ಯಾರೂ ನೋಡದ ಕಡೆಯಲ್ಲೂ ಸತ್ಯವಾಗಿ ಕಟ್ಟುವ ಧೈರ್ಯ ಕೊಡಿ. ಇವರ ಗಂಡ, ಹೆಂಡತಿ, ಮಕ್ಕಳು, ತಂದೆತಾಯಿಗಳನ್ನು ನಿಮ್ಮ ಕೈಗೆ ಒಪ್ಪಿಸ್ತೇವೆ. ಮನೆ ಕಟ್ಟುವವರು ನೀವೇ, ಕರ್ತನೇ. ಯೇಸುವಿನ ನಾಮದಲ್ಲಿ ಬೇಡುತ್ತೇವೆ, ತಂದೆಯೇ. ಆಮೆನ್.